1,925 ಲೀರಾ ಬಿಲ್, 27 ದೇಶಗಳ ಕಾನೂನು!

ಐರೋಪ್ಯ ಒಕ್ಕೂಟ ಅಂದಕೂಡಲೇ ನಿಮಗೇನು ನೆನಪಾಗುತ್ತದೆ? ಯೂರೋ ನೋಟು? ನೀಲಿ ಬಾವುಟದ ಹನ್ನೆರಡು ನಕ್ಷತ್ರ? ಬದಿಗಿಡಿ. ಒಂದು ಕರೆಂಟ್ ಬಿಲ್ಲಿನ ಕಥೆ ಕೇಳಿ!

1962. ಇಟಲಿ ಸರ್ಕಾರ ವಿದ್ಯುತ್ ಉದ್ಯಮವನ್ನು ರಾಷ್ಟ್ರೀಕರಣ ಮಾಡಿತು. ಮಿಲಾನ್‌ನ ವಕೀಲ ಫ್ಲಾಮಿನಿಯೋ ಕೋಸ್ತಾ ಕೆರಳಿದರು. ಸರ್ಕಾರದ ಪಾಲಾದ ಒಂದು ಕಂಪನಿಯಲ್ಲಿ ಅವರ ಷೇರುಗಳಿದ್ದವು! ಹೊಸ ಸರ್ಕಾರಿ ಸಂಸ್ಥೆ ಎನೆಲ್ ಬಿಲ್ ಕಳಿಸಿತು. ಕಟ್ಟುವುದಿಲ್ಲ ಅಂದರು! ಈ ರಾಷ್ಟ್ರೀಕರಣವೇ ಯುರೋಪಿನ ಒಪ್ಪಂದಕ್ಕೆ ವಿರುದ್ಧ ಎಂಬುದು ಅವರ ವಾದ.

ಬಿಲ್ ಎಷ್ಟಿದ್ದಿರಬಹುದು? ಊಹಿಸಿ! ಲಕ್ಷ? ಹತ್ತು ಲಕ್ಷ?

ಬರೀ 1,925 ಲೀರಾ. ಚಿಲ್ಲರೆ ಕಾಸು!

ಆ ಚಿಲ್ಲರೆ ಜಗಳ ಲಕ್ಸೆಂಬರ್ಗ್‌ನ ಐರೋಪ್ಯ ನ್ಯಾಯಾಲಯದ ಮೆಟ್ಟಿಲೇರಿತು. 1964ರ ಜುಲೈ 15ರಂದು ತೀರ್ಪು. ದೇಶದ ಕಾನೂನಿಗೂ ಯುರೋಪಿನ ಕಾನೂನಿಗೂ ಜಟಾಪಟಿಯಾದರೆ ಗೆಲುವು ಯುರೋಪಿನದೇ! ಸಂಸತ್ತು ಆಮೇಲೆ ಪಾಸು ಮಾಡಿದ ಕಾನೂನಾದರೂ ಅಷ್ಟೇ! ಆಗ ಸದಸ್ಯ ದೇಶಗಳು 6. ಈಗ 27. ಸುಮಾರು 45 ಕೋಟಿ ಜನ!

ಇಷ್ಟು ದೊಡ್ಡ ಮಾತು ಮೂಲ ಒಪ್ಪಂದಗಳ ಯಾವ ವಿಧಿಯಲ್ಲಿದೆ ಹೇಳಿ? ಯಾವುದರಲ್ಲೂ ಇಲ್ಲ! ಸದಸ್ಯ ದೇಶಗಳು ಆಮೇಲೆ ಮಾಡಿಕೊಂಡ ಲಿಸ್ಬನ್ ಒಪ್ಪಂದದ ಕೊನೆಗೆ ಲಗತ್ತಿಸಿದ 17ನೇ ಘೋಷಣೆಯಲ್ಲಿ ಅದರ ಉಲ್ಲೇಖವಿದೆ. ಮುಗಿಯಿತು.

ಆ ನ್ಯಾಯಾಲಯವೂ ಏನು ಸಾಮಾನ್ಯದ್ದೇ? ದೇಶಕ್ಕೊಬ್ಬರಂತೆ 27 ನ್ಯಾಯಾಧೀಶರು. ಜರ್ಮನಿಗೂ ಒಬ್ಬರೇ, ಪುಟಾಣಿ ಮಾಲ್ಟಾಕ್ಕೂ ಒಬ್ಬರೇ! ಒಕ್ಕೂಟಕ್ಕೆ 24 ಅಧಿಕೃತ ಭಾಷೆಗಳು. ಆದರೆ ತೀರ್ಪಿನ ಚರ್ಚೆಗೆ ಬಾಗಿಲು ಹಾಕಿಕೊಂಡರೆ ದುಭಾಷಿಗೂ ಪ್ರವೇಶವಿಲ್ಲ. ಎಲ್ಲ ಫ್ರೆಂಚ್‌ನಲ್ಲೇ! ಯಾರು ಒಪ್ಪಿದರು, ಯಾರು ಒಪ್ಪಲಿಲ್ಲ? ಹೊರಗೆ ಬರುವುದೇ ಇಲ್ಲ! (ನಮ್ಮ ಸುಪ್ರೀಂ ಕೋರ್ಟಿನ ಭಿನ್ನ ತೀರ್ಪುಗಳನ್ನು ಆಸೆಯಿಂದ ಓದುವ ನನಗೆ ಇದೊಂದು ಬೇಸರ.)

ಸರಿ, ಈ ನ್ಯಾಯಾಲಯಕ್ಕೆ ಪೊಲೀಸರಿಲ್ಲ. ಒಂದು ಸರ್ಕಾರವೇ ತೀರ್ಪನ್ನು ಕೇಳದಿದ್ದರೆ?

ಹಂಗೇರಿ ಕೇಳಲಿಲ್ಲ! ಆಶ್ರಯ ಬೇಡಿ ಬಂದವರ ಕುರಿತ ತೀರ್ಪನ್ನು ಪಾಲಿಸಲಿಲ್ಲ. 2024ರ ಜೂನ್‌ನಲ್ಲಿ ದಂಡ ಬಿತ್ತು. 20 ಕೋಟಿ ಯೂರೋ! ಸಾಲದ್ದಕ್ಕೆ, ಪಾಲಿಸುವ ತನಕ ದಿನಕ್ಕೆ ಇನ್ನೂ 10 ಲಕ್ಷ! ಹೌದು, ದಿನಕ್ಕೆ!

ಹಂಗೇರಿ ಕಟ್ಟಲಿಲ್ಲ. ಆಗ ಬ್ರಸೆಲ್ಸ್‌ನಲ್ಲಿರುವ ಐರೋಪ್ಯ ಆಯೋಗ ಏನು ಮಾಡಿತು ಗೊತ್ತೇ? ಹಂಗೇರಿಗೆ ಕೊಡಬೇಕಿದ್ದ ಅನುದಾನದಲ್ಲೇ ಮುರಿದುಕೊಂಡಿತು! ಇದಕ್ಕಿಂತ ಚೊಕ್ಕ ವಸೂಲಿಯನ್ನು ನಾನಂತೂ ಕೇಳಿಲ್ಲ.