ಇಬ್ಬರಿಗೂ ಏಳು, ಆದರೆ ಒಂದೇ ಏಳಲ್ಲ

ನಮ್ಮ ಮಡಕಶಿರಾ ಕಡೆ ಗಂಡಸರು ಕಡಲೆಕಾಯಿ ರೇಟಿನ ಬಗ್ಗೆ ಎಷ್ಟು ಹೊತ್ತಾದರೂ ಮಾತಾಡ್ತಾರೆ. ರಾತ್ರಿ ನಾಲ್ಕು ಸಲ ಮೂತ್ರಕ್ಕೆ ಎದ್ದದ್ದನ್ನು ಮಾತ್ರ ಮನೆಯವರಿಗೂ ಹೇಳೋದಿಲ್ಲ. 68 ವರ್ಷದ ನಮ್ಮ ಭಾವನವರೂ ಹಾಗೇ. ಕೊನೆಗೆ ಅಕ್ಕನೇ ನನ್ನ ಕರೆದು, "ಏನಾದರೂ ಮಾಡಪ್ಪ, ಈ ಮನುಷ್ಯ ನಿದ್ದೆ ಮಾಡ್ತಿಲ್ಲ" ಅಂದಳು. ಹೀಗೆ ಏಳುವುದು ಬಹಳ ಮಂದಿಗೆ ವಯಸ್ಸಿನ ಜೊತೆ ಪ್ರಾಸ್ಟೇಟ್ ಗ್ರಂಥಿ ದಪ್ಪವಾಗಿ ಬರುವ ತೊಂದರೆ, ಕ್ಯಾನ್ಸರ್ ಅಲ್ಲ. ಆದರೆ ಭಾವನವರ ರಕ್ತದಲ್ಲಿ ಪಿಎಸ್‌ಎ ಹೆಚ್ಚಿತ್ತು. ಬೆಂಗಳೂರಿನಲ್ಲಿ ಬಯಾಪ್ಸಿ ಮಾಡಿಸಿದೆವು.

ಬಯಾಪ್ಸಿ ಅಂದರೆ ಮಂಡಿಯವರಿಗೆ ಬೇಗ ಅರ್ಥವಾಗುತ್ತೆ. ಮೂಟೆ ಬಿಚ್ಚದೆ ಕೊಳವೆ ಚುಚ್ಚಿ ಮಾಲು ನೋಡುವುದಿಲ್ಲವೆ, ಹಾಗೆ. ಸಣ್ಣ ಸೂಜಿಯಿಂದ ಗ್ರಂಥಿಯ ಬೇರೆ ಬೇರೆ ಕಡೆ ಸಾಮಾನ್ಯವಾಗಿ ಹತ್ತು ಹನ್ನೆರಡು ಎಳೆ ತೆಗೀತಾರೆ. ಚುಚ್ಚಿದ ಜಾಗದಲ್ಲಿ ಇರೋದಷ್ಟೇ ಸಿಗುತ್ತೆ ಅನ್ನೋದು ಎರಡರಲ್ಲೂ ನಿಜ.

ವರದಿಯಲ್ಲಿ "3+4=7" ಅಂತಿತ್ತು. ಹತ್ತಕ್ಕೆ ಏಳು ಅಂದರೆ ನೂರಕ್ಕೆ ಎಪ್ಪತ್ತು ಭಾಗ ರೋಗ ಅಂತ ಮನೆಯಲ್ಲಿ ಅಳು ಶುರುವಾಯಿತು. ಎರಡು ಎಕರೆ ಮಾರೋ ಮಾತೂ ಬಂತು. ಎಸ್ಸೆಸ್ಸೆಲ್ಸಿ ಓದಿದ ನಾನೂ ಅದನ್ನು ಪರೀಕ್ಷೆಯ ಅಂಕದ ಹಾಗೇ ಓದಿದ್ದೆ. ಡಾಕ್ಟರು ಕಾಗದದ ಮೇಲೆ ಚಿತ್ರ ಬರೆದು ತೋರಿಸಿದಾಗ ಗೊತ್ತಾಯಿತು, ಈ ಲೆಕ್ಕವೇ ಬೇರೆ.

ಅಮೆರಿಕದ ಮಿನಿಯಾಪೊಲಿಸ್‌ನ ಮಾಜಿ ಸೈನಿಕರ ಆಸ್ಪತ್ರೆಯಲ್ಲಿದ್ದ ಡೊನಾಲ್ಡ್ ಗ್ಲೀಸನ್ ಎಂಬ ವೈದ್ಯರು 1966ರಲ್ಲಿ ಇದನ್ನು ಮೊದಲು ಪ್ರಕಟಿಸಿದರು. ಅವರು ಸೂಕ್ಷ್ಮದರ್ಶಕದಲ್ಲಿ ಒಂದೊಂದೇ ಜೀವಕೋಶ ಹಿಡಿದು ಕೂರಲಿಲ್ಲ. ಬದುವಿನ ಮೇಲೆ ನಿಂತು ಇಡೀ ಹೊಲ ನೋಡಿದ ಹಾಗೆ, ಗ್ರಂಥಿಗಳ ಸಾಲು ಹೇಗಿದೆ ಅಂತ ನೋಡಿದರು. ಸಾಲು ಅಚ್ಚುಕಟ್ಟಾಗಿದ್ದರೆ 1, ಸಾಲೇ ಇಲ್ಲದೆ ಕಳೆಯಂತೆ ನುಗ್ಗಿದ್ದರೆ 5. ಹೆಚ್ಚು ಜಾಗದಲ್ಲಿ ಕಂಡ ನಮೂನೆಯ ಅಂಕಿ ಮೊದಲು, ಜೊತೆಗಿರುವ ಇನ್ನೊಂದರ ಅಂಕಿ ಆಮೇಲೆ. ಒಂದೇ ನಮೂನೆ ಇದ್ದರೆ ಅದನ್ನೇ ಎರಡು ಸಲ ಕೂಡಿಸ್ತಾರೆ. ಇವತ್ತು ಬಯಾಪ್ಸಿಯಲ್ಲಿ 6ಕ್ಕಿಂತ ಕಡಿಮೆ ಕೊಡೋದು ಇಲ್ಲವೇ ಇಲ್ಲ ಅನ್ನಬಹುದು. ಅಂದರೆ ಹತ್ತಕ್ಕೆ ಆರು ಬಂದವನೇ ಇಲ್ಲಿ ಎಲ್ಲರಿಗಿಂತ ಪುಣ್ಯವಂತ!

ಈ ಗೊಂದಲ ನಮ್ಮೊಬ್ಬರದೇ ಅಲ್ಲ. ಅದಕ್ಕೇ 2014ರಲ್ಲಿ ತಜ್ಞರು ಸೇರಿ ಇದನ್ನು 1ರಿಂದ 5ರ ಗುಂಪು ಮಾಡಿದರು. 3+3 ಒಂದನೇ ಗುಂಪು, 3+4 ಎರಡು, 4+3 ಮೂರು, ಮೊತ್ತ 8 ಆದರೆ ನಾಲ್ಕು, 9 ಮತ್ತು 10 ಐದು. ನಮ್ಮ ಭಾವನವರದು ಎರಡನೇ ಗುಂಪು, ಅದರಲ್ಲೂ 4ರ ಪಾಲು ಬಹಳ ಕಡಿಮೆ. ಪಿಎಸ್‌ಎ, ಸ್ಕ್ಯಾನು, ಎಷ್ಟು ಎಳೆಯಲ್ಲಿ ರೋಗವಿದೆ ಎಲ್ಲ ನೋಡಿ ಡಾಕ್ಟರು, "ಈಗಲೇ ಕತ್ತರಿ ಬೇಡ. ಆರಾರು ತಿಂಗಳಿಗೆ ತಪ್ಪದೆ ಬನ್ನಿ, ಕಣ್ಣಿಟ್ಟಿರೋಣ" ಅಂದರು. ಎರಡು ಎಕರೆ ಉಳೀತು.

ಕಥೆ ಇಲ್ಲಿಗೇ ಮುಗಿದಿದ್ದರೆ ನಾನು ಇದನ್ನು ಬರೀತಿರಲಿಲ್ಲ.

ಹಿಂದೂಪುರದಲ್ಲಿ ನನಗೆ ಬೇಕಾದ ಹುಣಸೆಹಣ್ಣಿನ ವ್ಯಾಪಾರಿಯೊಬ್ಬರಿದ್ದಾರೆ. ಭಾವನವರ ವಿಷಯ ಕೇಳಿ ಮೆತ್ತಗೆ ಹೇಳಿದರು: "ಅನ್ನಾ, ನಾಕೂ ಏಡೇ. ಆಯನ ಊರಿಕೇ ಉನ್ನಾರು ಕದಾ, ನೇನೂ ಉಂಟಾ." ನನಗೂ ಏಳೇ, ಅವರು ಸುಮ್ಮನಿದ್ದಾರಲ್ಲ, ನಾನೂ ಇರ್ತೀನಿ ಅಂತ. ಮೂರು ತಿಂಗಳಿಂದ ವರದಿಯನ್ನು ಗಲ್ಲಾಪೆಟ್ಟಿಗೆಯ ಅಡಿ ಇಟ್ಟುಕೊಂಡು ಕೂತಿದ್ದರು. ತೆಗೆಸಿ ನೋಡಿದೆ. 4+3=7. ನನಗೆ ಕೈ ತಣ್ಣಗಾಯಿತು.

ಕೂಡಿದರೆ ಏಳೇ. ಆದರೆ ಅವರ ಮೂಟೆಯಲ್ಲಿ ಕೆಟ್ಟ ಮಾಲೇ ಹೆಚ್ಚು. 2016ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 20 ಸಾವಿರಕ್ಕೂ ಹೆಚ್ಚು ಗಂಡಸರ ಲೆಕ್ಕವಿದೆ. ಆಪರೇಷನ್ ಆಗಿ 5 ವರ್ಷದವರೆಗೆ ಪಿಎಸ್‌ಎ ಮತ್ತೆ ಏಳದೆ ಉಳಿದವರು, ತೆಗೆದ ಗ್ರಂಥಿಯಲ್ಲಿ 3+4 ಇದ್ದವರಲ್ಲಿ ನೂರಕ್ಕೆ 88. 4+3 ಇದ್ದವರಲ್ಲಿ 63. ಒಂದನೇ ಗುಂಪಿನಲ್ಲಿ 96, ಐದನೆಯದರಲ್ಲಿ 26. ಇದು ಗುಂಪಿನ ಲೆಕ್ಕ, ಒಬ್ಬನ ಹಣೆಬರಹ ಅಲ್ಲ. ಆದರೂ ಮುಂದೆ ಮಳೆ ಎಷ್ಟು ಎಂದು ನೋಡಿ ಬಿತ್ತನೆ ಮಾಡುವ ನಮಗೆ 88ಕ್ಕೂ 63ಕ್ಕೂ ಇರೋ ದೂರ ಯಾರೂ ಹೇಳಿಕೊಡಬೇಕಿಲ್ಲ.

ಕವಿತೆಯಲ್ಲಾದರೆ ಪದ ಹಿಂದುಮುಂದಾದರೂ ಅರ್ಥ ಹೇಗೋ ಉಳಿಸಬಹುದು. ಇಲ್ಲಿ ಆಗೋಲ್ಲ. ವ್ಯಾಪಾರಿಗೆ ಎರಡು ಅಂಕಿ ತೋರಿಸಿ ಮೊದಲು ತೆಲುಗಿನಲ್ಲಿ, ಸಿಟ್ಟು ಬಂದ ಮೇಲೆ ಕನ್ನಡದಲ್ಲಿ ಹೇಳಿದೆ. "ಸೀಸನ್ ಮುಗೀಲಿ" ಅಂದರು. "ಹುಣಸೆ ಮುಂದಿನ ವರ್ಷವೂ ಬರುತ್ತೆ" ಅಂದೆ. ಅವರ ಮಗ ಪಕ್ಕದಲ್ಲೇ ನಿಂತಿದ್ದ. ಮಾರನೇ ದಿನ ಬೆಳಗಿನ ಬಸ್ಸಿಗೆ ಬೆಂಗಳೂರಿಗೆ ಹೊರಡಿಸಿದ.

ಅಲ್ಲಿ ಸ್ಲೈಡುಗಳನ್ನು ಇನ್ನೊಬ್ಬ ತಜ್ಞರೂ ನೋಡಿದರು. 3 ಯಾವುದು, 4 ಯಾವುದು ಅನ್ನೋದರಲ್ಲಿ ಒಮ್ಮೊಮ್ಮೆ ತಜ್ಞರಲ್ಲೇ ಭಿನ್ನಾಭಿಪ್ರಾಯ ಬರುವುದುಂಟು, ಅನುಮಾನವಿದ್ದರೆ ಹೀಗೆ ಕೇಳುವುದರಲ್ಲಿ ತಪ್ಪಿಲ್ಲ. ಇವರದು 4+3 ಅಂತಲೇ ಬಂತು. ಮೂಳೆಗೆ ಹರಡಿಲ್ಲ. ಆರು ತಿಂಗಳ ಹಾರ್ಮೋನ್ ಇಂಜೆಕ್ಷನ್ ಶುರುವಾಗಿದೆ, ಜೊತೆಗೆ ರೇಡಿಯೇಷನ್. ಈಗ ಮಂಡಿಯಲ್ಲಿ ಮಗ ಕೂರ್ತಾನೆ. ಅಪ್ಪ ಬೆಂಗಳೂರಿನಿಂದ ದಿನಾ ಸಂಜೆ ಫೋನ್ ಮಾಡಿ ಹುಣಸೆ ರೇಟು ಕೇಳ್ತಾರೆ. ಭಾವನವರ ಮುಂದಿನ ಪಿಎಸ್‌ಎ ಪರೀಕ್ಷೆ ಉಗಾದಿ ಕಳೆದ ಮೇಲೆ.