ಬಹುಮತವನ್ನು ಎಣಿಸುವುದೆಲ್ಲಿ?

ದಿಲ್ಲಿಯ ಸರಕಾರಕ್ಕೂ ರಾಜ್ಯಗಳ ನಾಯಕರಿಗೂ ನಡೆದ ವ್ಯಾಜ್ಯಗಳಲ್ಲಿ ನಮ್ಮ ಕರ್ನಾಟಕದ್ದೊಂದನ್ನು ವಾಚಕರು ಮರೆಯತಕ್ಕುದಲ್ಲ. 1989ರ ಏಪ್ರಿಲ್ ಮಾಸದಲ್ಲಿ, ಮುಖ್ಯಮಂತ್ರಿ ಎಸ್. ಆರ್. ಬೊಮ್ಮಾಯಿಯವರಿಗೆ ತಮ್ಮ ಬೆಂಬಲವಿಲ್ಲವೆಂದು 19 ಮಂದಿ ಶಾಸಕರ ಹೆಸರಿನ ಪತ್ರಗಳು ರಾಜ್ಯಪಾಲರಿಗೆ ತಲಪಿದುವು. ಬಳಿಕ ಅವರಲ್ಲಿಯೇ 7 ಮಂದಿ, ತಮ್ಮ ಸಹಿಗಳನ್ನು ತಪ್ಪು ತಿಳಿವಳಿಕೆ ಕೊಟ್ಟು ಪಡೆದರೆಂದು ಬರೆದರು. ಸದನವನ್ನು ಕರೆದು ಬಲವನ್ನು ತೋರಿಸುವೆನೆಂದು ಬೊಮ್ಮಾಯಿಯವರು ಹೇಳಿದರೂ ರಾಜ್ಯಪಾಲರು ಕಿವಿಗೊಡಲಿಲ್ಲ. 21ರಂದು ಮಂತ್ರಿಮಂಡಲವು ಹೋಯಿತು, ವಿಧಾನಸಭೆಯೂ ವಿಸರ್ಜಿತವಾಯಿತು.

ಸಂವಿಧಾನದ 356ನೆಯ ವಿಧಿಯು ಆಪತ್ಕಾಲಕ್ಕೆಂದು ಇರಿಸಿದ ದಂಡ. ಸಾಮವನ್ನು ಬಿಟ್ಟು ಮೊದಲಿಗೇ ದಂಡವನ್ನೆತ್ತುವುದು ನೀತಿಶಾಸ್ತ್ರಕ್ಕೆ ಸಮ್ಮತವಲ್ಲವೆಂದು ಹುಡುಗರಿಗೆ ಪಾಠ ಹೇಳಿದವರು ನಾವು.

1994ರ ಮಾರ್ಚ್ 11ರಂದು ಸರ್ವೋಚ್ಚ ನ್ಯಾಯಾಲಯದ 9 ನ್ಯಾಯಮೂರ್ತಿಗಳ ಪೀಠವು ತೀರ್ಪಿತ್ತಿತು: ಬಹುಮತವನ್ನು ಎಣಿಸಬೇಕಾದುದು ಸದನದಲ್ಲಿ, ರಾಜಭವನದಲ್ಲಲ್ಲ, ಸಂಸತ್ತಿನ ಉಭಯ ಸದನಗಳು ಒಪ್ಪುವ ಮುನ್ನ ವಿಧಾನಸಭೆಯನ್ನು ವಿಸರ್ಜಿಸಲಾಗದು, ಘೋಷಣೆಯು ಅಕ್ರಮವಾಗಿದ್ದರೆ ಬಿದ್ದ ಸರಕಾರವನ್ನು ನ್ಯಾಯಾಲಯವು ಮತ್ತೆ ನಿಲ್ಲಿಸಬಹುದು. ಬೊಮ್ಮಾಯಿಯವರಿಗಾದರೋ ಪದವಿ ಮರಳಲಿಲ್ಲ. 1989ರಲ್ಲಿಯೇ ಹೊಸ ಚುನಾವಣೆಯು ಮುಗಿದುಹೋಗಿತ್ತು. ಫಲವನ್ನುಂಡವರು ಬೇರೆಯವರು. 2016ರಲ್ಲಿ ಉತ್ತರಾಖಂಡದ ಮುಖ್ಯಮಂತ್ರಿ ಹರೀಶ ರಾವತರು ಸದನದಲ್ಲಿಯೇ ಬಹುಮತವನ್ನು ತೋರಿಸಿ ಅಧಿಕಾರಕ್ಕೆ ಮರಳಿದರು.