ಗುಂಡು ತಗುಲಿತೇ? ತೀರ್ಪು ಸರ್ವರ್‌ನದು

ಕೌಂಟರ್-ಸ್ಟ್ರೈಕ್ ಆಟದಲ್ಲಿ ಐದೈದು ಜನರ ಎರಡು ತಂಡಗಳು ಎದುರಾಗುತ್ತವೆ. ಒಂದು ತಂಡ ಬಾಂಬ್ ಇಡಬೇಕು, ಇನ್ನೊಂದು ತಡೆಯಬೇಕು. ಸತ್ತವನು ಆ ಸುತ್ತು ಮುಗಿಯುವವರೆಗೆ ಮರಳಿ ಬರುವಂತಿಲ್ಲ. ಹಾಗಾಗಿ ಒಂದೇ ಗುಂಡು ಇಡೀ ಸುತ್ತಿನ ಗತಿಯನ್ನು ಬದಲಿಸಬಲ್ಲದು. ಆದರೆ ಹತ್ತು ಆಟಗಾರರು ಹತ್ತು ಊರುಗಳಲ್ಲಿರಬಹುದು, ಮತ್ತು ಅವರ ಪರದೆಗಳ ಮೇಲಿರುವುದು ಒಂದೇ ಕ್ಷಣವಲ್ಲ.

ಇದಕ್ಕೆ ಕಾರಣ ದೂರ. ಆಪ್ಟಿಕಲ್ ಫೈಬರಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಸಾಗುತ್ತದೆ. ಬೆಂಗಳೂರಿನ ಆಟಗಾರ ಸುಮಾರು 3,200 ಕಿಲೋಮೀಟರ್ ದೂರದ ಸಿಂಗಪುರದ ಸರ್ವರ್‌ಗೆ ಸೇರಿಕೊಂಡರೆ, ಕೇಬಲ್ ನೇರವಾಗಿದ್ದರೂ ಸಂದೇಶ ಹೋಗಿ ಬರಲು 32 ಮಿಲಿಸೆಕೆಂಡು ಬೇಕು. ಸುತ್ತುಬಳಸಿನ ದಾರಿ, ನಡುವಿನ ರೌಟರ್‌ಗಳು ಸೇರಿ ವಿಳಂಬ ಇನ್ನೂ ಹೆಚ್ಚುತ್ತದೆ. ಆಟಗಾರರು ಇದನ್ನು ಪಿಂಗ್ ಎನ್ನುತ್ತಾರೆ.

1993ರ ಡೂಮ್ ಆಟದಲ್ಲಿ ಎಲ್ಲರ ಕೀಲಿ ಒತ್ತುಗಳೂ ಎಲ್ಲರಿಗೂ ತಲುಪಿದ ಮೇಲೆಯೇ ಆಟ ಒಂದು ಹೆಜ್ಜೆ ಮುಂದೆ ಸರಿಯುತ್ತಿತ್ತು. ಒಬ್ಬನ ಸಂಪರ್ಕ ನಿಧಾನವಾದರೆ ಎಲ್ಲರೂ ಕಾಯಬೇಕಿತ್ತು. 1996ರ ಕ್ವೇಕ್ ಆಟವು ಎಲ್ಲರನ್ನೂ ಮುಂದೆ ಸರಿಸುವ ಹೊಣೆಯನ್ನು ಒಂದೇ ಸರ್ವರ್‌ಗೆ ವಹಿಸಿತು. ಆದರೆ ಮೋಡೆಮ್‌ನಲ್ಲಿ ಆಡುವವನು ಕೀಲಿ ಒತ್ತಿದ ಬಳಿಕ ತನ್ನ ಪಾತ್ರ ಅಲುಗಾಡುವುದಕ್ಕೂ ಕಾಯಬೇಕಾಯಿತು. ಅದೇ ವರ್ಷದ ಕೊನೆಯಲ್ಲಿ ಕ್ವೇಕ್‌ನ ಪ್ರೋಗ್ರಾಮರ್ ಜಾನ್ ಕಾರ್ಮ್ಯಾಕ್ ಅದರ ಅಂತರ್ಜಾಲ ಆವೃತ್ತಿಯಾದ ಕ್ವೇಕ್‌ವರ್ಲ್ಡ್‌ನಲ್ಲಿ ಮುನ್ನೂಹೆಯ ಉಪಾಯ ತಂದರು: ಆಟಗಾರನ ಕಂಪ್ಯೂಟರ್ ಉತ್ತರಕ್ಕೆ ಕಾಯದೆ ಅವನ ಪಾತ್ರವನ್ನು ಸರಿಸಿಬಿಡುತ್ತದೆ, ತಪ್ಪಿದ್ದರೆ ಸರ್ವರ್ ಆಮೇಲೆ ತಿದ್ದುತ್ತದೆ. ಓಡುತ್ತಿದ್ದ ಪಾತ್ರ ಒಮ್ಮೊಮ್ಮೆ ತಟ್ಟನೆ ಹಿಂದಕ್ಕೆ ಜಿಗಿಯುವುದು ಈ ತಿದ್ದುಪಡಿಯಿಂದಲೇ.

ಎದುರಾಳಿ ಎತ್ತ ತಿರುಗುತ್ತಾನೆಂದು ಹೀಗೆ ಊಹಿಸಲಾಗದು. ಅವನನ್ನು ತುಸು ಹಿಂದಿನ ಕಾಲದಲ್ಲಿ ತೋರಿಸುವುದೇ ದಾರಿ. ಬಂದಿರುವ ಎರಡು ಸ್ಥಾನಗಳ ನಡುವೆ ಅವನನ್ನು ನಯವಾಗಿ ಸಾಗಿಸಲು ಕೌಂಟರ್-ಸ್ಟ್ರೈಕ್ ತಯಾರಿಸುವ ವಾಲ್ವ್ ಸಂಸ್ಥೆಯ ಸೋರ್ಸ್ ಎಂಜಿನ್ ಮೂಲತಃ 100 ಮಿಲಿಸೆಕೆಂಡಿನ ವಿಳಂಬ ಇಟ್ಟುಕೊಂಡಿತ್ತು. ಕೌಂಟರ್-ಸ್ಟ್ರೈಕ್‌ನಲ್ಲಿ ಚಾಕು ಹಿಡಿದು ಓಡುವವನ ವೇಗ, ಆಟದ ಒಳಗಿನ ಅಳತೆಮಾನದಲ್ಲಿ, ಸೆಕೆಂಡಿಗೆ 250, ಅವನ ಮೈಯ ಅಗಲ 32. ಅಂದರೆ ಗುರಿಯಲ್ಲಿ ಕಾಣುವ ದೇಹಕ್ಕೂ ಸರ್ವರ್‌ನಲ್ಲಿರುವ ದೇಹಕ್ಕೂ ಹೆಚ್ಚುಕಡಿಮೆ ಮುಕ್ಕಾಲು ಮೈಯಗಲದ ಅಂತರ. ಪಿಂಗ್‌ನಿಂದ ಬರುವ ಅಂತರ ಅದರ ಮೇಲೆ.

ಇದನ್ನು ನೀಗಿಸುವ ವಿಧಾನವನ್ನು ವಾಲ್ವ್‌ನ ಯಾನ್ ಬರ್ನಿಯರ್ 2001ರ ಪ್ರಬಂಧದಲ್ಲಿ ವಿವರಿಸಿದರು. ಈ ಕ್ಷೇತ್ರದ ಅತ್ಯಂತ ಸೊಗಸಾದ ಕಲ್ಪನೆ ಇದೇ ಇರಬೇಕು. ಸರ್ವರ್ ಪ್ರತಿಯೊಬ್ಬರ ಇತ್ತೀಚಿನ ಸ್ಥಾನಗಳನ್ನು ದಾಖಲಿಸಿಡುತ್ತದೆ. ಸೋರ್ಸ್ ಎಂಜಿನ್‌ನಲ್ಲಿ ಈ ದಾಖಲೆ ಒಂದು ಸೆಕೆಂಡಿನದು. ಗುಂಡು ಹಾರಿಸಿದ ಸಂದೇಶ ಬಂದೊಡನೆ ಅದರ ಪ್ರಯಾಣದ ಕಾಲವನ್ನೂ ತೋರಿಕೆಯ ವಿಳಂಬವನ್ನೂ ಕಳೆದು, ಉಳಿದವರನ್ನು ಶೂಟರ್ ಕಂಡ ಜಾಗಗಳಿಗೆ ಹಿಂದೆ ಸರಿಸುತ್ತದೆ. ಗುಂಡು ತಗುಲಿತೇ ಎಂದು ನೋಡಿ, ಮತ್ತೆ ಎಲ್ಲರನ್ನೂ ಸ್ವಸ್ಥಾನಕ್ಕೆ ತರುತ್ತದೆ.

ಇದರ ಬೆಲೆಯನ್ನು ತೆರುವವನು ಗುಂಡು ತಿಂದವನು. ತನ್ನ ಪರದೆಯಲ್ಲಿ ಆಗಲೇ ಗೋಡೆಯ ಮರೆಗೆ ಸೇರಿದ್ದರೂ ಅವನು ಸಾಯಬಹುದು. ಅನ್ಯಾಯವೆನಿಸಿದರೂ ಈ ಆಯ್ಕೆ ಸರಿಯಾದುದೇ. ಇಲ್ಲದಿದ್ದರೆ ಪ್ರತಿಯೊಬ್ಬನೂ ತನ್ನ ಪಿಂಗ್ ಲೆಕ್ಕಹಾಕಿ, ಎದುರಾಳಿಯ ಮುಂದಿನ ಖಾಲಿ ಜಾಗಕ್ಕೆ ಗುರಿಯಿಡಬೇಕಾಗುತ್ತಿತ್ತು. ವಿಳಂಬ ಆಟದ ತಂತ್ರವನ್ನೂ ಬದಲಿಸಿದೆ: ಮೂಲೆಯಿಂದ ಹೊರಬರುವವನು ಕಾದು ನಿಂತವನನ್ನು ಕೂಡಲೇ ಕಾಣುತ್ತಾನೆ, ಅವನ ಚಲನೆ ಮಾತ್ರ ಕಾದವನ ಪರದೆಗೆ ತಡವಾಗಿ ತಲುಪುತ್ತದೆ. ಆದ್ದರಿಂದ ಪಳಗಿದವರು ಒಂದೇ ಕಡೆ ನಿಂತು ಕಾಯುವುದನ್ನು ತುಂಬ ನೆಚ್ಚಿಕೊಳ್ಳುವುದಿಲ್ಲ.

ಸರ್ವರ್ ತನ್ನ ಲೋಕವನ್ನು ಎಷ್ಟು ಸಲ ನವೀಕರಿಸುತ್ತದೆ ಎಂಬುದೂ ಮುಖ್ಯ. 2012ರ ಕೌಂಟರ್-ಸ್ಟ್ರೈಕ್: ಗ್ಲೋಬಲ್ ಅಫೆನ್ಸಿವ್‌ನ ಅಧಿಕೃತ ಸರ್ವರ್‌ಗಳು ಸೆಕೆಂಡಿಗೆ 64 ಸಲ ನವೀಕರಿಸುತ್ತಿದ್ದವು; ಅದೇ ಬಗೆಯ ಇನ್ನೊಂದು ಆಟವಾದ 2020ರ ವ್ಯಾಲರಂಟ್‌ನವು 128 ಸಲ. 2023ರ ಕೌಂಟರ್-ಸ್ಟ್ರೈಕ್ 2, ಎರಡು ನವೀಕರಣಗಳ ನಡುವೆ ಗುಂಡು ಹಾರಿದ ನಿಖರ ಕ್ಷಣವನ್ನೂ ಗುರುತಿಸುತ್ತದೆ.

ಮೋಸ ತಡೆಯುವುದು ಇನ್ನೂ ಕಠಿಣ. ಗೋಡೆಯಾಚೆಯ ಶತ್ರುವಿನ ಸ್ಥಾನ ಆಟಗಾರನ ಕಂಪ್ಯೂಟರ್‌ಗೆ ತಿಳಿದಿದ್ದರೆ, ಕಳ್ಳ ತಂತ್ರಾಂಶ ಅದನ್ನು ಪರದೆಗೆ ತರಬಲ್ಲದು. ವ್ಯಾಲರಂಟ್‌ನ ಸರ್ವರ್ ಹಾಗಾಗಿ ಶತ್ರು ಕಣ್ಣಿಗೆ ಬೀಳುವ ಹೊತ್ತು ಹತ್ತಿರವಾಗುವವರೆಗೆ ಆ ಮಾಹಿತಿಯನ್ನು ಕಳಿಸುವುದಿಲ್ಲ. ತೀರ ತಡವಾಗಿ ಕಳಿಸಿದರೆ ಶತ್ರು ಶೂನ್ಯದಿಂದ ಮೂಡಿದಂತೆ ಕಾಣುತ್ತಾನೆ. ಆದ್ದರಿಂದ ಅವನು ಕಾಣುವ ಮುನ್ನವೇ, ಒಂದಿಷ್ಟು ಮುಂಚಿತವಾಗಿ, ಅದನ್ನು ಕಳಿಸಲೇಬೇಕಾಗುತ್ತದೆ.